ಬೆಳಿಗ್ಗೆ ಕೆಮ್ಮುವ ಟ್ರ್ಯಾಕ್ಟರ್

ಟ್ರ್ಯಾಕ್ಟರ್ ಕೆಟ್ಟು ನಿಲ್ಲುವುದಕ್ಕೆ ಒಳ್ಳೆಯ ಜಾಗ ಅಂತ ಎಲ್ಲೂ ಇಲ್ಲ. ಆದರೆ ಟೀ ಅಂಗಡಿಯ ತಿರುವಿಗಿಂತ ಕೆಟ್ಟ ಜಾಗ ಇನ್ನೊಂದಿರಲಾರದು.

ಕೆಂಪಿ ನಿಲ್ಲುತ್ತಿದ್ದದ್ದು ಸರಿಯಾಗಿ ಅಲ್ಲೇ. ಕೆಂಪಿ ಅಂದರೆ ಆ ಮನೆಯ ಕೆಂಪು ಬಣ್ಣದ ಟ್ರ್ಯಾಕ್ಟರ್. ಮನೆಯ ಸೊಸೆ ಬೆಳಿಗ್ಗೆ ಅದನ್ನು ಶೆಡ್ಡಿನಿಂದ ತೆಗೆದು, ಓಣಿ ದಾಟಿಸಿ, ತಿರುವಿಗೆ ತಂದಳೋ ಇಲ್ಲವೋ, ಅದಕ್ಕೆ ಕೆಮ್ಮು ಬರುತ್ತಿತ್ತು. ಗುಕ್, ಗುಕ್, ಗುಕ್. ಆಮೇಲೆ ಒಂದಿಷ್ಟು ಬಿಳಿ ಹೊಗೆ. ಆಮೇಲೆ ಮೌನ. ಆ ಮೌನದಲ್ಲಿ ಟೀ ಲೋಟಗಳನ್ನು ಬೆಂಚಿನ ಮೇಲೆ ಇಡುವ ಸದ್ದು ಒಂದೊಂದಾಗಿ ಕೇಳುತ್ತಿತ್ತು. ತಮಾಷೆ ನೋಡುವವರಿಗೆ ಕೈ ಬಿಡುವಾಗಬೇಕಲ್ಲ.

"ಏನಮ್ಮ, ಕೆಂಪಿಗೂ ಒಂದು ಟೀ ಹಾಕ್ಲಾ?" ಅಂಗಡಿಯವನು ಕೇಳುತ್ತಿದ್ದ.

ಸೊಸೆ ಮಾತಿನವಳಲ್ಲ. ಸ್ಟೀರಿಂಗಿನ ನಡುವಿನ ಗುಂಡಿಯಲ್ಲಿ ಏನೋ ಬರೆದಿದೆ ಎಂಬಂತೆ ಅದನ್ನೇ ನೋಡುತ್ತಾ ಕೂರುತ್ತಿದ್ದಳು. ಮತ್ತೆ ಮತ್ತೆ ಸೆಲ್ಫ್ ಹೊಡೆದ ಮೇಲೆ ಕೆಂಪಿ ದೊಡ್ಡ ಮನಸ್ಸು ಮಾಡಿ ಹೊರಡುತ್ತಿತ್ತು.

ಮಧ್ಯಾಹ್ನ ಮಾವ ಹತ್ತಿ ಕೂತರೆ ಕಥೆಯೇ ಬೇರೆ. ಅದೇ ಕೆಂಪಿ, ಅದೇ ತಿರುವು, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಸಲೀಸಾಗಿ ಹೋಗುತ್ತಿತ್ತು.

ಗಂಡ ಹಾಲಿನ ವ್ಯಾನ್ ಓಡಿಸುತ್ತಿದ್ದ. ನಸುಕಿನಲ್ಲೇ ಹೋದರೆ ಸಂಜೆಗೇ ಮುಖ ತೋರಿಸುವವನು. ಮಾವನ ಮಂಡಿ ಬೆಳಗಿನ ಚಳಿಗೆ ಮಡಚುತ್ತಿರಲಿಲ್ಲ. ಹಾಗಾಗಿ ಮಾವನೇ ಪಕ್ಕದಲ್ಲಿ ಕೂತು ಸೊಸೆಗೆ ಟ್ರ್ಯಾಕ್ಟರ್ ಕಲಿಸಿದ್ದರು. ಬೆಳಗಿನ ಪಾಳಿ ಅವಳದು, ಮಧ್ಯಾಹ್ನದ್ದು ಅವರದು. ಸೀಟಿನ ಮೇಲೆ ಕೂತಾಗ ಮಾತ್ರ ಅವಳ ಬೆನ್ನು ನೆಟ್ಟಗಾಗುತ್ತಿತ್ತು, ನಾಚಿಕೆ ಎಲ್ಲಿಗೋ ಹೋಗುತ್ತಿತ್ತು. ಅವಳು ಉತ್ತ ಸಾಲು ಹಗ್ಗ ಹಿಡಿದು ಎಳೆದ ಹಾಗೆ ನೇರ. ಅದನ್ನು ನೋಡಿದ್ದ ರಿಟೈರ್ಡ್ ಮೇಷ್ಟ್ರು, "ಈ ಸಲ ನನ್ನ ಹೊಲಕ್ಕೆ ನೀನೇ ಬರಬೇಕಮ್ಮ" ಎಂದು ಮನೆಗೇ ಬಂದು ಹೇಳಿ ಹೋಗಿದ್ದರು. ಹೊರಗಿನವರು ಅವಳನ್ನು ಕೆಲಸಕ್ಕೆ ಕರೆದದ್ದು ಅದೇ ಮೊದಲು.

ಈಗ ಆ ಕೆಲಸಕ್ಕೇ ಕುತ್ತು ಬಂದಿತ್ತು.

"ಬೇಜಾರು ಮಾಡ್ಕೋಬೇಡಮ್ಮ," ಮಾವ ಒಂದು ಸಂಜೆ ಅವಳ ಮುಖ ನೋಡದೆ ಹೇಳಿದರು. "ಗಾಡಿಗೂ ಕೈಗುಣ ಅಂತ ಒಂದಿರುತ್ತೆ. ನನ್ನ ಕೈಗೆ ಕೆಮ್ಮಲ್ಲ, ನಿನ್ನ ಕೈಗೆ ಕೆಮ್ಮುತ್ತೆ. ಮೇಷ್ಟ್ರ ಹೊಲ ಹದ ಆಗಿರುವಾಗ ನಡುವೆ ನಿಂತುಬಿಟ್ರೆ ಅವರ ಬಿತ್ತನೆ ಹೋಗುತ್ತೆ, ನಮ್ಮ ಮರ್ಯಾದೆ ಹೋಗುತ್ತೆ. ಬಾಡಿಗೆ ಡ್ರೈವರ್‌ಗೆ ಒಂದು ಮಾತು ಹೇಳಿಟ್ಟಿದ್ದೀನಿ. ಅಷ್ಟರಲ್ಲಿ ಕೆಂಪಿ ಸರಿಹೋದ್ರೆ ನೀನು, ಇಲ್ಲ ಅಂದ್ರೆ ಅವನು."

ಸೊಸೆ ಹೂಂ ಎಂದಳು. ಒಳಗೆ ಹೋಗಿ, ತೊಳೆದಿಟ್ಟಿದ್ದ ಪಾತ್ರೆಯನ್ನೇ ಇನ್ನೊಮ್ಮೆ ತೊಳೆದಳು.

ಮಾತು ಮುಗಿಸಿದ ಮಾವ ಪಂಚೆ ಎತ್ತಿ ಕಟ್ಟಿ ಅಂಗಳಕ್ಕೆ ಇಳಿದರು. ಕೆಂಪಿಯ ಸ್ನಾನದ ಹೊತ್ತು ಅದು. ಹೊಲದಿಂದ ಬಂದು ಇನ್ನೂ ಬಿಸಿ ಆರದ ಟ್ರ್ಯಾಕ್ಟರಿಗೆ ಅವರು ಪ್ರತಿ ಸಂಜೆ ಮೋಟಾರ್ ಹಾಕಿ, ಪೈಪು ಹಿಡಿದು, ತಲೆಯಿಂದ ಟೈರಿನವರೆಗೆ ನೀರು ಬಿಡುತ್ತಿದ್ದರು. ಸೋಪಿನ ನೊರೆ, ತೆಂಗಿನ ನಾರು, ಮತ್ತೆ ನೀರು. ಡೀಸೆಲ್ ಟ್ಯಾಂಕಿನ ಮುಚ್ಚಳದ ಸುತ್ತ ಮಣ್ಣು ಕೂರುತ್ತದೆಂದು ಅಲ್ಲಿ ಪೈಪಿನ ಬಾಯಿಗೆ ಹೆಬ್ಬೆರಳಿಟ್ಟು ಜೋರಾಗಿ ಹೊಡೆಯುತ್ತಿದ್ದರು.

ಅತ್ತೆ ಜಗಲಿಯಲ್ಲಿ ಬಟ್ಟೆ ಮಡಚುತ್ತಾ ಹೇಳಿದರು: "ಹೆತ್ತ ಮಗನಿಗೆ ಒಂದು ದಿನ ಸ್ನಾನ ಮಾಡಿಸಿದವರಲ್ಲ. ಇದಕ್ಕೆ ನೋಡು, ಕಿವಿ ಸಂದಿ ಕೂಡ ಬಿಡಲ್ಲ."

"ಅವನು ಹೊಲ ಉಳ್ತಾನಾ?" ಎಂದರು ಮಾವ.

ಆಗ ಬೇಲಿಯಾಚೆಯಿಂದ ನಗು ಕೇಳಿಸಿತು. ಪಕ್ಕದ ಮನೆಯ ಸ್ಪ್ಯಾನರ್ ಅಕ್ಕ ಕೆಲಸದಿಂದ ಬರುತ್ತಿದ್ದಳು. ದೊಡ್ಡ ರಸ್ತೆಯ ಟ್ರ್ಯಾಕ್ಟರ್ ವರ್ಕ್‌ಶಾಪಿನಲ್ಲಿ ಎಂಜಿನ್ ಬಿಚ್ಚಿ ಜೋಡಿಸುವುದು ಅವಳ ಕೆಲಸ. ಎಂಜಿನ್ನಿನಷ್ಟೇ ಜೋರು ಗಂಟಲು. ಅವಳ ಸೊಂಟದಲ್ಲಿ ಸದಾ ಒಂದು ಸ್ಪ್ಯಾನರ್ ಇರುತ್ತಿದ್ದುದರಿಂದ ಅವಳ ನಿಜವಾದ ಹೆಸರು ಓಣಿಗೆ ಮರೆತೇಹೋಗಿತ್ತು.

"ಏನ್ ದೊಡ್ಡಪ್ಪ, ಮಗಳಿಗೆ ಜಡೆ ಹಾಕೋದೊಂದು ಬಾಕಿ," ಎಂದಳು. ಆಮೇಲೆ ಸೊಸೆಯ ಕಡೆ ತಿರುಗಿ, "ನಿನ್ನ ಮುಖ ಯಾಕೆ ಹೀಗಿದೆ?" ಎಂದು ಕೇಳಿದಳು.

ಸೊಸೆಯ ಬದಲು ಅತ್ತೆ ಎಲ್ಲವನ್ನೂ ಹೇಳಿದರು. ಕೆಮ್ಮು, ಬಿಳಿ ಹೊಗೆ, ಕೈಗುಣ, ಬಾಡಿಗೆ ಡ್ರೈವರ್.

ಸ್ಪ್ಯಾನರ್ ಅಕ್ಕ ನಗು ನಿಲ್ಲಿಸಿದಳು. "ಬೆಳಿಗ್ಗೆ ಮಾತ್ರ ಕೆಮ್ಮುತ್ತಾ? ನಾಳೆ ನಾನು ಬರೋವರೆಗೂ ಕೀಲಿ ಮುಟ್ಟಬೇಡಿ. ಒಂದು ಗಾಜಿನ ಬಾಟ್ಲಿ ಚೆನ್ನಾಗಿ ಒಣಗಿಸಿ ಇಟ್ಟಿರಿ."

ಮರುದಿನ ಬೆಳಿಗ್ಗೆ ಅವಳು ಮೊದಲು ಮಾಡಿದ ಕೆಲಸ ಮಾವನ ಬಾಯಿಂದ ಬೀಡಿ ತೆಗೆಸಿದ್ದು. "ಡೀಸೆಲ್ ಬಿಚ್ಚೋ ಕಡೆ ಬೆಂಕಿ ಬೇಡ ದೊಡ್ಡಪ್ಪ." ಆಮೇಲೆ ಡೀಸೆಲ್ ಟ್ಯಾಂಕಿನ ಅಡಿಯಲ್ಲಿರುವ ತಿರುಪನ್ನು ಸ್ವಲ್ಪ ಸಡಿಲಿಸಿ, ಬಾಟ್ಲಿ ಹಿಡಿದು, ಅರ್ಧ ತುಂಬಿದ ಮೇಲೆ ಮತ್ತೆ ಬಿಗಿ ಮಾಡಿದಳು. ಬಾಟ್ಲಿಯನ್ನು ಜಗಲಿಯ ಕಟ್ಟೆಯ ಮೇಲೆ, ಬಿಸಿಲು ಬೀಳುವ ಕಡೆ ಇಟ್ಟು, "ಸ್ವಲ್ಪ ಹೊತ್ತು ಯಾರೂ ಅಲ್ಲಾಡಿಸಬೇಡಿ" ಎಂದಳು.

ಬಾಟ್ಲಿಯೊಳಗಿನ ಕಲಕು ನಿಧಾನವಾಗಿ ತಿಳಿಯಾಯಿತು. ಮೇಲೆ ಹಳದಿ, ಕೆಳಗೆ ಮಾಸಲು ಬಿಳಿ. ನಡುವೆ ಗೆರೆ ಎಳೆದ ಹಾಗೆ ಇತ್ತು.

"ಕೆಳಗಿರೋದು ನೀರು," ಎಂದಳು ಸ್ಪ್ಯಾನರ್ ಅಕ್ಕ.

"ಹಳೇ ಡೀಸೆಲ್ ಕೆಳಗೆ, ಹೊಸ ಡೀಸೆಲ್ ಮೇಲೆ," ಎಂದರು ಮಾವ. "ನಾನು ನಿಮ್ಮಪ್ಪನ ಕಾಲದಿಂದ ಡೀಸೆಲ್ ನೋಡಿದೀನಿ."

ಸೊಸೆ ಸದ್ದಿಲ್ಲದೆ ಒಳಗೆ ಹೋಗಿ ತನ್ನ ಪೆನ್ನಿನ ಇಂಕಿನ ಶೀಷೆ ತಂದು ಸ್ಪ್ಯಾನರ್ ಅಕ್ಕನ ಕೈಗಿಟ್ಟಳು. ಅಕ್ಕ ಅವಳನ್ನೊಮ್ಮೆ ನೋಡಿ ಹುಬ್ಬು ಹಾರಿಸಿದಳು. "ಇಂಕು ನೀರಿಗೆ ಮಾತ್ರ ಸೇರುತ್ತೆ, ಡೀಸೆಲ್‌ಗೆ ಸೇರಲ್ಲ. ಸರಿ, ನೀನೇ ಹಾಕು."

ಒಂದು ನೀಲಿ ಹನಿ ಬಾಟ್ಲಿಗೆ ಬಿತ್ತು. ಡೀಸೆಲ್ಲಿನ ಒಳಗೆ ಕರಗದೆ, ಮಣಿಯ ಹಾಗೆ ಉರುಳುತ್ತಾ ಇಳಿಯಿತು. ಗೆರೆಯ ಮೇಲೆ ಕ್ಷಣ ಕಾಲ ಕೂತಿತು. ಅತ್ತೆ ಮಡಚುತ್ತಿದ್ದ ಬಟ್ಟೆ ಕೈಯಲ್ಲೇ ಉಳಿಯಿತು. ಆಮೇಲೆ ಹನಿ ಒಡೆದು, ಕೆಳಗಿನ ಭಾಗವೆಲ್ಲ ನೀಲಿಯಾಯಿತು. ಮೇಲಿನ ಹಳದಿ ಹಳದಿಯಾಗೇ ಇತ್ತು.

"ಅಯ್ಯೋ, ಎಷ್ಟು ಚೆನ್ನಾಗಿದೆ," ಎಂದರು ಅತ್ತೆ.

"ಚೆನ್ನಾಗಿರೋದು ಬಾಟ್ಲಿಯಲ್ಲಿ ದೊಡ್ಡಮ್ಮ. ಎಂಜಿನ್ ಒಳಗೆ ಇದು ವಿಷ. ನೀರು ಭಾರ. ರಾತ್ರಿಯೆಲ್ಲ ಟ್ಯಾಂಕಿನ ತಳಕ್ಕೆ ಇಳಿದು ಕೂತಿರುತ್ತೆ. ಬೆಳಿಗ್ಗೆ ಮೊದಲು ಯಾರು ಸೆಲ್ಫ್ ಹೊಡೀತಾರೋ ಅವರಿಗೆ ಆ ನೀರೇ ಪ್ರಸಾದ. ನಿಮ್ಮ ಸೊಸೆ ಕೆಮ್ಮಿಸಿ ಕೆಮ್ಮಿಸಿ ಅದನ್ನೆಲ್ಲ ಖಾಲಿ ಮಾಡ್ತಾಳೆ, ಮಧ್ಯಾಹ್ನ ನೀವು ಮಹಾರಾಜರ ಹಾಗೆ ಹೋಗ್ತೀರ. ಇದೇ ನಿಮ್ಮ ಕೈಗುಣ ದೊಡ್ಡಪ್ಪ."

ಮಾವ ಬಾಟ್ಲಿಯನ್ನು ಎತ್ತಿ ಬೆಳಕಿಗೆ ಹಿಡಿದರು. ನೀರು ಎಂದು ಒಪ್ಪದೆ ದಾರಿ ಇರಲಿಲ್ಲ. ಆದರೆ ತಪ್ಪು ಒಪ್ಪಿಕೊಳ್ಳಲು ಇನ್ನೂ ದೂರವಿತ್ತು. "ಹಾಗಾದ್ರೆ ಬಂಕಿನವನು ಬೆರೆಸಿದಾನೆ. ಈಗಲೇ ಹೋಗಿ ಅವನ ಗ್ರಹಚಾರ ಬಿಡಿಸ್ತೀನಿ."

"ಮಾವ."

ಎಲ್ಲರೂ ತಿರುಗಿ ನೋಡಿದರು. ಅಷ್ಟು ಜನ ತನ್ನ ಕಡೆ ತಿರುಗಿದ್ದಕ್ಕೆ ಸೊಸೆಯ ಕಿವಿ ಬೆಚ್ಚಗಾಯಿತು. ಆದರೂ ಹೇಳಿದಳು, ನೆಲ ನೋಡುತ್ತಾ. "ಕರೆಂಟ್ ಹೋದ ದಿನಗಳ ಮರುದಿನ ಕೆಂಪಿ ಕೆಮ್ಮಲ್ಲ ಮಾವ."

"ಕರೆಂಟಿಗೂ ಟ್ರ್ಯಾಕ್ಟರಿಗೂ ಏನಮ್ಮ ಸಂಬಂಧ?"

"ಕರೆಂಟ್ ಇಲ್ಲ ಅಂದ್ರೆ ಮೋಟಾರ್ ಇಲ್ಲ. ಮೋಟಾರ್ ಇಲ್ಲ ಅಂದ್ರೆ..." ಸೊಸೆ ಪೈಪಿನ ಕಡೆ ನೋಡಿದಳು. ಅಂಗಳದ ಮೂಲೆಯಲ್ಲಿ ಸುತ್ತಿಟ್ಟಿದ್ದ ಪೈಪಿನ ಕಡೆ ಎಲ್ಲರೂ ನೋಡಿದರು.

ಸ್ಪ್ಯಾನರ್ ಅಕ್ಕ ತೊಡೆ ತಟ್ಟಿ ನಕ್ಕಳು. ಟ್ಯಾಂಕಿನ ಮುಚ್ಚಳ ಬಿಚ್ಚಿ ತಂದು ತೋರಿಸಿದಳು. "ನೋಡಿ, ಇಲ್ಲಿ ಒಂದು ಸಣ್ಣ ತೂತು ಇದೆ. ಟ್ಯಾಂಕ್ ಉಸಿರಾಡೋಕೆ. ಸಂಜೆ ಟ್ಯಾಂಕಿನ ಒಳಗಿನ ಗಾಳಿ ಬಿಸಿಯಾಗಿರುತ್ತೆ. ಮೇಲೆ ತಣ್ಣೀರು ಬಿದ್ದ ತಕ್ಷಣ ಒಳಗಿನ ಗಾಳಿ ಕುಗ್ಗುತ್ತೆ. ಬಾಯಾರಿದವನ ಹಾಗೆ ಮುಚ್ಚಳದ ಮೇಲಿರೋ ನೀರನ್ನು ಸೊರ್ ಅಂತ ಎಳ್ಕೊಳ್ಳುತ್ತೆ. ಈ ರಬ್ಬರ್ ವಾಷರ್ ಬೇರೆ ಒಣಗಿ ರೊಟ್ಟಿ ಆಗಿದೆ. ಪ್ರೀತಿಯಿಂದ ನೀರು ಕುಡಿಸಿದ್ದೀರ ದೊಡ್ಡಪ್ಪ, ಅಷ್ಟೇ."

"ಗಲೀಜಾಗಿ ಬಿಡೋಕಾಗುತ್ತಾ," ಎಂದರು ಮಾವ. ದನಿ ತಗ್ಗಿತ್ತು. ಪೂರ್ತಿ ನಂಬಿಕೆ ಮಾತ್ರ ಬಂದಿರಲಿಲ್ಲ.

ಆ ದಿನ ಸ್ಪ್ಯಾನರ್ ಅಕ್ಕ ರಜೆ ಹಾಕಿದಳು. ಕೆಲಸವನ್ನು ತಾನು ಮಾಡದೆ ಸೊಸೆಯ ಕೈಯಲ್ಲೇ ಮಾಡಿಸಿದಳು. ಟ್ಯಾಂಕ್ ಪೂರ್ತಿ ಖಾಲಿ ಮಾಡಿ ತಳದ ಕೆಸರು ತೆಗೆಸಿದಳು. ಫಿಲ್ಟರಿನ ಕೆಳಗಿರುವ ಗಾಜಿನ ಬಟ್ಟಲನ್ನು ಬಿಚ್ಚಿ ಒರೆಸಿಸಿದಳು. ನೂಲು ಬಿಡದ ಬಟ್ಟೆಯೇ ಆಗಬೇಕು, ಒಂದು ಎಳೆ ಒಳಗೆ ಹೋದರೂ ತೊಂದರೆ ಎಂದಳು. ನೀರು ಕುಡಿದು ಉಬ್ಬಿದ್ದ ಹಳೆಯ ಫಿಲ್ಟರ್ ಹೋಗಿ ಹೊಸದು ಬಂತು.

"ಡೀಸೆಲ್ ಬರೀ ಉರಿಯೋದಲ್ಲ ಕಣೇ, ಎಂಜಿನ್ನಿಗೆ ಡೀಸೆಲ್ ತಳ್ಳೋ ಪಂಪಿನ ಒಳಗೆ ಎಣ್ಣೆಯ ಹಾಗೆ ಜಾರಿಸೋದೂ ಅದೇ. ನೀರು ಹೋದ್ರೆ ಪಂಪ್ ಉಜ್ಜುತ್ತೆ, ತುಕ್ಕು ಹಿಡಿಯುತ್ತೆ, ಡೀಸೆಲ್ ಚಿಮ್ಮಿಸೋ ನಾಜಲ್ ಬಾಯಿ ಹಾಳಾಗುತ್ತೆ. ಅದಕ್ಕೇ ಗಾಡಿ ನಿಂತಾಗ ಮತ್ತೆ ಮತ್ತೆ ಸೆಲ್ಫ್ ಹೊಡೀಬಾರದು. ಹೊಡೆದಷ್ಟೂ ನೀರನ್ನ ನಾವೇ ಒಳಗೆ ತಳ್ಳಿದ ಹಾಗೆ."

ಎಲ್ಲ ಜೋಡಿಸಿದ ಮೇಲೆ ಕೆಂಪಿ ಜಪ್ಪಯ್ಯ ಎಂದರೂ ಸ್ಟಾರ್ಟ್ ಆಗಲಿಲ್ಲ. ಮಾವನ ಮುಖ ಅರಳಿತು. "ನೋಡಿದ್ರಾ, ಇನ್ನೂ ಕೆಟ್ಟಿತು."

"ಕೆಟ್ಟಿಲ್ಲ, ಬಿಚ್ಚಿದಾಗ ಡೀಸೆಲ್ ಪೈಪಿಗೆ ಗಾಳಿ ಸೇರಿದೆ. ಫಿಲ್ಟರ್ ತಲೆ ಮೇಲಿರೋ ಈ ಬೋಲ್ಟು ಸ್ವಲ್ಪ ಸಡಿಲ ಮಾಡು. ಈಗ ಈ ಕೈಪಂಪು ಒತ್ತು. ಗುಳ್ಳೆ ಬರ್ತಿದೆಯಾ? ಒತ್ತುತ್ತಾ ಇರು. ಗುಳ್ಳೆ ನಿಂತು ಬರೀ ಡೀಸೆಲ್ ಬಂತಾ? ಬಿಗಿ ಮಾಡು. ಈಗ ಹೊಡಿ ಸೆಲ್ಫ್."

ಕೆಂಪಿ ಗುಡುಗಿತು. ಮಾವ ಚಪ್ಪಲಿ ಹುಡುಕುವ ನೆವದಲ್ಲಿ ಬೇರೆ ಕಡೆ ನೋಡಿದರು.

ಹೊರಡುವಾಗ ಸ್ಪ್ಯಾನರ್ ಅಕ್ಕ ಪಾಠ ಒಪ್ಪಿಸಿ ಹೋದಳು. "ಬೆಳಿಗ್ಗೆ ಸೆಲ್ಫ್ ಹೊಡೆಯೋ ಮುಂಚೆ ಗಾಜಿನ ಬಟ್ಟಲು ನೋಡು, ನೀರಿದ್ರೆ ಕೆಳಗಿನ ತಿರುಪಿನಿಂದ ಬಿಟ್ಟುಬಿಡು. ಸಂಜೆ ಕೆಲಸ ಮುಗಿದ ಮೇಲೆ ಟ್ಯಾಂಕ್ ಕಂಠದ ಹತ್ತಿರದವರೆಗೆ ತುಂಬಿಸಿ ಇಡು. ಅರ್ಧ ಖಾಲಿ ಇದ್ರೆ ಒಳಗಿನ ಗಾಳಿ ತಣ್ಣಗಾಗಿ, ತಣ್ಣನೆ ಲೋಟ ಬೆವರೋ ಹಾಗೆ ಟ್ಯಾಂಕೂ ಬೆವರುತ್ತೆ. ಡೀಸೆಲ್ ಡ್ರಮ್ಮು ನೆರಳಲ್ಲಿರಲಿ, ಬಾಯಿ ಬಿಗಿಯಾಗಿರಲಿ, ತಳದ್ದನ್ನ ಬಳಿದು ಹಾಕಬೇಡಿ. ದೊಡ್ಡಪ್ಪ, ನಿಮಗೆ ಒಂದೇ ಪಾಠ. ಹೊಸ ವಾಷರ್ ಬರೋವರೆಗೂ ಇದರ ಮೇಲೆ ಒಂದು ಚೊಂಬು ನೀರೂ ಬೀಳಬಾರದು. ಬಂದ ಮೇಲೂ ಪೈಪು ಹಿಡಿಯೋ ಹಾಗಿಲ್ಲ."

ಆಮೇಲಿನ ದಿನಗಳಲ್ಲಿ ಕೆಂಪಿ ಒಂದು ಸಲವೂ ಕೆಮ್ಮಲಿಲ್ಲ. ಟೀ ಅಂಗಡಿಯ ತಿರುವಿನಲ್ಲಿ ಲೋಟಗಳು ಕೈಯಲ್ಲೇ ಉಳಿದವು. ಡೀಸೆಲ್ಲು ಅದೇ ಬಂಕಿನದು, ಕೈಯೂ ಅದೇ ಸೊಸೆಯದು. ಬಾಡಿಗೆ ಡ್ರೈವರ್ ವಿಷಯವನ್ನು ಯಾರೂ ಎತ್ತಲಿಲ್ಲ, ಆದರೆ ಬೇಡ ಎಂದೂ ಮಾವ ಅವನಿಗೆ ಹೇಳಿರಲಿಲ್ಲ. ಕೆಂಪಿಯ ಮೈಮೇಲೆ ಮಣ್ಣು ಮಾತ್ರ ಪದರ ಪದರವಾಗಿ ಏರುತ್ತಿತ್ತು. ಮಾವ ಸಂಜೆ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬೆರಳಲ್ಲಿ ಬಾನೆಟ್ ಮುಟ್ಟಿ, ನಿಟ್ಟುಸಿರು ಬಿಟ್ಟು ಒಳಗೆ ಬರುತ್ತಿದ್ದರು.

ಮೇಷ್ಟ್ರ ಹೊಲದ ದಿನ ಬಂತು. ಬೆಳಿಗ್ಗೆ ಸೊಸೆ ಬರುವಷ್ಟರಲ್ಲಿ ಮಾವ ಚಳಿಗೆ ಮಂಡಿ ನೀವಿಕೊಳ್ಳುತ್ತಾ ಆಗಲೇ ಸೀಟಿನ ಮೇಲಿದ್ದರು. "ಹೊಲದ ತನಕ ನಾನು ಬಿಡ್ತೀನಮ್ಮ. ಮೊದಲನೇ ದಿನ, ಹಿರಿಯರು ತಂದು ಬಿಟ್ರು ಅಂತ ಇರಲಿ."

"ಬಟ್ಟಲು ನೋಡ್ಬೇಕು ಮಾವ."

"ನಾನು ನೋಡಿದೀನಿ, ಹತ್ತು."

ಮಡ್‌ಗಾರ್ಡಿನ ಮೇಲೆ ಕೂತ ಸೊಸೆಗೆ ಏನೋ ಬೇರೆಯಾಗಿದೆ ಅನ್ನಿಸಿತು. ಏನೆಂದು ಹೊಳೆಯುವಷ್ಟರಲ್ಲಿ ಓಣಿ ಮುಗಿದು ತಿರುವು ಬಂದಿತ್ತು.

ಗುಕ್.

ಮಾವ ಆಕ್ಸಿಲರೇಟರ್ ಎಳೆದರು. ಗುಕ್, ಗುಕ್. ಬಿಳಿ ಹೊಗೆ. ಮೌನ.

ಟೀ ಲೋಟಗಳು ಒಂದೊಂದಾಗಿ ಬೆಂಚಿನ ಮೇಲೆ ಕೂತವು. ಮಾವ ಬಂಕಿನವನನ್ನು ಬಯ್ಯಲು ಬಾಯಿ ತೆರೆದರು. ಅಷ್ಟರಲ್ಲಿ ಟೀ ಅಂಗಡಿಯವನು ಹೇಳಿದ: "ಏನ್ ಯಜಮಾನ್ರೇ, ಕೆಂಪಿ ಇವತ್ತು ಫಳಫಳ ಹೊಳೀತಿದೆ. ಸ್ನಾನ ಆಯ್ತಾ?"

ಸೊಸೆ ಕೆಂಪಿಯನ್ನು ನೋಡಿದಳು. ಬಾನೆಟ್ಟಿನಲ್ಲಿ ಮುಖ ಕಾಣುತ್ತಿತ್ತು. ಟೈರಿನ ಕಚ್ಚುಗಳಲ್ಲಿ ಒಂದು ಚೂರು ಮಣ್ಣಿಲ್ಲ.

"ಮೇಷ್ಟ್ರ ಮುಂದೆ ಗಲೀಜು ಗಾಡಿ ನಿಲ್ಲಿಸೋದು ಹೇಗಮ್ಮ," ಎಂದರು ಮಾವ, ಪರೀಕ್ಷೆಯಲ್ಲಿ ನಕಲು ಹೊಡೆದು ಸಿಕ್ಕಿಬಿದ್ದವರ ಹಾಗೆ. "ನಿನ್ನೆ ನೀವೆಲ್ಲ ಅಂಗಡಿಗೆ ಹೋದಾಗ, ಸ್ವಲ್ಪವೇ ಸ್ವಲ್ಪ..." ಕೈ ಮತ್ತೆ ಕೀಲಿಗೆ ಹೋಯಿತು.

"ಸೆಲ್ಫ್ ಹೊಡೀಬೇಡಿ ಮಾವ."

ಹೇಳಿದ್ದು ತಾನೇ ಎಂದು ಅವಳಿಗೇ ನಂಬಿಕೆ ಬರಲಿಲ್ಲ. ಮಾವನ ಕೈ ನಿಂತಿತು. ಸೊಸೆ ಕೆಳಗಿಳಿದಳು. ಬೀಡಿ ಹಿಡಿದು ಹತ್ತಿರ ಬರುತ್ತಿದ್ದವನಿಗೆ, "ಬೀಡಿ ಆರಿಸಿ ಅಣ್ಣ, ಇಲ್ಲಾಂದ್ರೆ ದೂರ ನಿಂತ್ಕೊಳ್ಳಿ," ಎಂದಳು. ಟೀ ಅಂಗಡಿಯವನಿಗೆ, "ಒಂದು ಖಾಲಿ ಬಾಟ್ಲಿ ಕೊಡಿ" ಎಂದಳು. ಬೀಡಿ ಆರಿತು, ಬಾಟ್ಲಿ ಬಂತು.

ಎಲ್ಲ ಕಣ್ಣುಗಳೂ ತನ್ನ ಬೆನ್ನ ಮೇಲಿವೆ ಎಂದು ಅವಳಿಗೆ ಗೊತ್ತಿತ್ತು. ಗಾಜಿನ ಬಟ್ಟಲಿನಲ್ಲಿ ನೀರು ತುಂಬಿ ನಿಂತಿತ್ತು. ಸಮಯಕ್ಕೆ ಸರಿಯಾಗಿ ನಿಲ್ಲಿಸಿದ್ದರಿಂದ ಪಂಪಿಗೆ ಹೋದದ್ದು ಸ್ವಲ್ಪವೇ. ಸೀಟಿನ ಕೆಳಗಿದ್ದ ಸ್ಪ್ಯಾನರ್ ತೆಗೆದು, ತಿರುಪು ಸಡಿಲಿಸಿ ನೀರು ಬಿಟ್ಟಳು. ಟ್ಯಾಂಕಿನ ತಳದ್ದನ್ನೂ ಬಿಟ್ಟಳು. ಬಾಟ್ಲಿಯಲ್ಲಿ ಬರೀ ಹಳದಿ ಡೀಸೆಲ್ ಬೀಳುವವರೆಗೆ ಕಾದು, ಬಿಗಿ ಮಾಡಿದಳು. ಒಂದು ತೊಟ್ಟೂ ನೆಲಕ್ಕೆ ಬೀಳಲು ಬಿಡಲಿಲ್ಲ. ಮೇಲಿನ ಬೋಲ್ಟು ಸಡಿಲಿಸಿ ಕೈಪಂಪು ಒತ್ತಿದಳು. ಗುಳ್ಳೆ, ಗುಳ್ಳೆ, ಸಣ್ಣ ಗುಳ್ಳೆ, ಆಮೇಲೆ ಬರೀ ಡೀಸೆಲ್.

"ಈಗ ಹೊಡೀರಿ ಮಾವ."

ಮಾವ ಹೊಡೆಯಲಿಲ್ಲ. ಮಂಡಿ ಹಿಡಿದುಕೊಂಡು ನಿಧಾನವಾಗಿ ಕೆಳಗಿಳಿದರು. ಹೆಗಲ ಮೇಲಿನ ಟವೆಲ್ಲಿನಿಂದ ಸೀಟು ಒರೆಸಿ, "ನೀನೇ ಹತ್ತಮ್ಮ," ಎಂದರು. "ನನ್ನ ಕೈಗುಣ ಸರಿಯಿಲ್ಲ."

ಮೊದಲು ನಕ್ಕವರು ಅವರೇ. ಆಮೇಲೆ ಇಡೀ ಬೆಂಚು ನಕ್ಕಿತು. ಸೊಸೆಯೂ ನಕ್ಕಳು, ತಲೆ ತಗ್ಗಿಸದೆ. ಕೆಂಪಿ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಅದರ ಸದ್ದಿನ ನಡುವೆಯೇ ಮಾವ ಫೋನಿನಲ್ಲಿ ಯಾರಿಗೋ ಕೂಗಿ ಹೇಳುತ್ತಿದ್ದರು: "ಬೇಡಪ್ಪ, ಬರೋದು ಬೇಡ. ನಮ್ಮ ಮನೆಯಲ್ಲೇ ಡ್ರೈವರ್ ಇದ್ದಾಳೆ."

ಅಂದು ಮೇಷ್ಟ್ರ ಹೊಲದ ಸಾಲುಗಳನ್ನು ನೋಡಲೆಂದೇ ಜನ ಬದುವಿನ ಮೇಲೆ ನಿಂತರು.

ಈಗ ಟ್ಯಾಂಕಿಗೆ ಹೊಸ ವಾಷರ್ ಬಂದಿದೆ. ಸಂಜೆ ಎಂಜಿನ್ ಪೂರ್ತಿ ಆರಿದ ಮೇಲೆ ಮಾವ ಹಿಂಡಿದ ಒದ್ದೆ ಬಟ್ಟೆಯಿಂದ ಕೆಂಪಿಯನ್ನು ಒರೆಸುತ್ತಾರೆ. ಮುಚ್ಚಳದ ಮೇಲೆ ಒಂದು ಹಳೆಯ ಬಟ್ಟಲು ಬೋರಲು ಹಾಕಿರುತ್ತಾರೆ. ಮೊನ್ನೆ ಇದ್ದಕ್ಕಿದ್ದಂತೆ ಮಳೆ ಬಂದಾಗ, ಮಂಡಿ ನೋವನ್ನೂ ಮರೆತು ಕೊಡೆ ಹಿಡಿದು ಅಂಗಳಕ್ಕೆ ಓಡಿದರು. ಅತ್ತೆ ಜಗಲಿಯಿಂದ ನೋಡಿ ಹೇಳಿದರು: "ಮದುವೆಯಾದಾಗಿನಿಂದ ನನಗೆ ಒಂದು ದಿನ ಕೊಡೆ ಹಿಡಿದವರಲ್ಲ."

"ನೆನೆದ್ರೆ ನೀನು ಕೆಮ್ಮಿ ಟೀ ಅಂಗಡಿ ತಿರುವಿನಲ್ಲಿ ನಿಲ್ತೀಯಾ?" ಎಂದರು ಮಾವ. ಆದರೂ ಒಣಹಾಕಿದ ಬಟ್ಟೆ ತೆಗೆಯಲು ಅತ್ತೆ ಅಂಗಳಕ್ಕೆ ಇಳಿದಾಗ, ಬರುವಾಗ ಕೊಡೆಯನ್ನು ಅವರ ಕಡೆಗೇ ಹೆಚ್ಚು ವಾಲಿಸಿಕೊಂಡು ಬಂದರು.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಯ ಟ್ರ್ಯಾಕ್ಟರೂ ಬೆಳಿಗ್ಗೆ ಕೆಮ್ಮುತ್ತಿದ್ದರೆ ಯಾರ ಕೈಗುಣವನ್ನೂ ಬಯ್ಯಬೇಡಿ. ನಾಳೆ ಕೀಲಿ ತಿರುಗಿಸುವ ಮುಂಚೆ ಫಿಲ್ಟರಿನ ಬಟ್ಟಲನ್ನು ಒಮ್ಮೆ ಬಗ್ಗಿ ನೋಡಿ. ನೀರಿದ್ದರೆ ಹೊರಗೆ ಬಿಡಿ, ಹಾಗೆ ಬಿಟ್ಟದ್ದನ್ನು ಬಾವಿ, ಕಾಲುವೆ, ಹೊಲಕ್ಕೆ ಚೆಲ್ಲದೆ ಡಬ್ಬಿಯಲ್ಲಿ ಹಿಡಿದು ವರ್ಕ್‌ಶಾಪಿಗೆ ಕೊಡಿ. ಬಟ್ಟಲು ದಿನಾ ತುಂಬುತ್ತಿದ್ದರೆ ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕಿ: ಮುಚ್ಚಳ, ಡ್ರಮ್ಮು, ಅರ್ಧ ಖಾಲಿ ಟ್ಯಾಂಕು, ಸಂಜೆಯ ಪೈಪು. ನಿಮಗೆ ಗೊತ್ತಾಗದಿದ್ದರೆ ಎಂಜಿನ್ ಓಡಿಸದೆ ಮೆಕ್ಯಾನಿಕ್‌ನನ್ನು ಕರೆಯಿರಿ. ಮತ್ತೆ, ನಿಮ್ಮ ಮನೆಯಲ್ಲಿ ಹೆಚ್ಚು ಮಾತಾಡದೆ ಎಲ್ಲವನ್ನೂ ಗಮನಿಸುವವರು ಒಬ್ಬರು ಇದ್ದೇ ಇರುತ್ತಾರೆ. ಅವರನ್ನೂ ಒಂದು ಮಾತು ಕೇಳಿ.